ಹಲ್ಲಿನ ಶಿಬಿರ ಮಾಡುವ ಮುಂಬೈಯ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಮತ್ತು ಆರೋಗ್ಯ ಶಿಬಿರದ ದಿನ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಜೋಡಿಸುವ ಕಾರ್ಯಕರ್ತರಿಗೆ,

ನಮಸ್ಕಾರ.

ನಾನು ಭಾಂಡುಪ್‌ನಲ್ಲಿ ಇರುವವನು. ಘಾಟ್ಕೋಪರ್‌ನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು 22 ವರ್ಷ ಆಯಿತು. ನಿಮ್ಮ ಕಾರ್ಯಕ್ರಮಗಳಿಗೆ ಬರುತ್ತೇನೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಯಕ್ಷಗಾನ ಇದ್ದ ದಿನ ಕೊನೆಯವರೆಗೂ ಇರುತ್ತೇನೆ. ಭಾಷಣ ಇದ್ದ ದಿನ ಲೋಕಲ್ ತಪ್ಪುತ್ತದೆ ಅಂತ ಎದ್ದು ಹೋಗುತ್ತೇನೆ. ಸಂಘಗಳು ಏನೂ ಮಾಡಿಲ್ಲ ಅಂತ ದೂರುವವರ ಪೈಕಿ ನಾನಲ್ಲ. ನನ್ನ ಅಪ್ಪ ಫೋರ್ಟ್‌ನ ಹೋಟೆಲೊಂದರಲ್ಲಿ ಹಗಲು ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೆಟ್ರಿಕ್ ಪಾಸಾದವರು. ಅಂಥ ರಾತ್ರಿ ಶಾಲೆಗಳನ್ನು ನಡೆಸಿದ್ದು ನಿಮ್ಮ ಹಿರಿಯರೇ. ಹಾಗಾಗಿ ಇದನ್ನು ಜಗಳಕ್ಕೆ ಬಂದವನ ಪತ್ರ ಅಂತ ಓದಬೇಡಿ.

ನಾನು ಹೇಳಬೇಕಾದದ್ದು ಒಂದು ಕಾರ್ಡಿನ ವಿಷಯ.

ನನ್ನ ಮಗಳಿಗೆ ಆಗ 8 ವರ್ಷ. ಒಂದು ಭಾನುವಾರ ಉಚಿತ ದಂತ ತಪಾಸಣೆ ಶಿಬಿರ ಇತ್ತು. ಸಾಲಿನಲ್ಲಿ ಒಂದೂವರೆ ಗಂಟೆ ನಿಂತೆವು. ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು, ಅರ್ಧ ನಿಮಿಷ ಇರಬಹುದು. ಹುಳುಕು ಇಲ್ಲ ಅಂದರು. ಮಗಳಿಗೆ ಒಂದು ಪುಟ್ಟ ಪೇಸ್ಟು, ಒಂದು ಬ್ರಶ್ಶು, ಒಂದು ಬಾಳೆಹಣ್ಣು ಸಿಕ್ಕಿತು. ನಮಗೆ ಒಂದು ಕಾರ್ಡು. ಅದರ ಕೆಳಗೆ ಇಂಗ್ಲಿಷಿನಲ್ಲಿ ಗೀಚಿದ ಎರಡು ಪದ: 'ಆರ್ಥೊ ಒಪೀನಿಯನ್'.

ಮುಂಬೈಯಲ್ಲಿ ಆರ್ಥೊ ಅಂದರೆ ಯಾರು? ಮೂಳೆ ಡಾಕ್ಟರು. ನನ್ನ ಅಮ್ಮನ ಮಂಡಿ ನೋವಿಗೆ ನಾವು ಹೋಗುವುದು ಆರ್ಥೊ ಹತ್ತಿರ. ಮನೆಗೆ ಬಂದು ಕಾರ್ಡು ಓದಿದ ನನ್ನ ಹೆಂಡತಿ, "ಹಲ್ಲು ತೋರಿಸೋಕೆ ಹೋದ್ರೆ ಮೂಳೆ ಡಾಕ್ಟ್ರ ಹತ್ರ ಹೋಗಿ ಅಂತ ಬರ್ದಿದ್ದಾರಲ್ಲ, ಬೇರೆ ಯಾರದೋ ಕಾರ್ಡಿರಬೇಕು" ಅಂದಳು. ನಾನೂ ಹೌದೆಂದೆ. ಇಬ್ಬರೂ ನಕ್ಕೆವು. ಕಾರ್ಡು ಲೈಟ್ ಬಿಲ್ಲುಗಳ ಜೊತೆ ಡ್ರಾವರ್ ಸೇರಿತು.

ಆ ಡಾಕ್ಟರು ಬರೆದದ್ದು ಆರ್ಥೊಡಾಂಟಿಸ್ಟ್ ಬಗ್ಗೆ. ಅಂದರೆ ಹಲ್ಲಿಗೆ ತಂತಿ ಹಾಕುವ, ಹಲ್ಲು ದವಡೆ ಎರಡರ ಸಾಲನ್ನೂ ಸರಿ ಮಾಡುವ ಡಾಕ್ಟರು. ಇದು ನನಗೆ ಗೊತ್ತಾಗಿದ್ದು ಮೂರು ವರ್ಷ ಆದ ಮೇಲೆ. ಗೊತ್ತಾದ ರೀತಿ ಚೆನ್ನಾಗಿರಲಿಲ್ಲ.

ಮಗಳ ಮೇಲಿನ ಹಲ್ಲು ಮುಂದಿದೆ ಅಂತ ನಮಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಆದರೆ ಮನೆಯಲ್ಲಿ ಎಲ್ಲರದೂ ಒಂದೇ ಮಾತು: ಹಲ್ಲು ಬಿದ್ದು ಹುಟ್ಟುವ ವಯಸ್ಸು, ತಾನಾಗಿಯೇ ಸರಿ ಹೋಗುತ್ತದೆ. ಅವಳ ಹಾಲು ಹಲ್ಲು ಬಿದ್ದಾಗ ನಾವೂ ಶಾಸ್ತ್ರ ಬಿಟ್ಟವರಲ್ಲ. ಊರಲ್ಲಾದರೆ ಹೆಂಚಿನ ಮಾಡಿಗೆ ಎಸೆಯುತ್ತಿದ್ದೆವು. ಭಾಂಡುಪ್‌ನಲ್ಲಿ ಮಾಡು ಎಲ್ಲಿದೆ? ಮೂರನೇ ಮಹಡಿಯ ಕಿಟಕಿಯಿಂದ ಪಕ್ಕದ ಚಾಳಿನ ತಗಡಿನ ಪತ್ರಾ ಮೇಲೆ ಎಸೆದೆವು. ಹೊಸ ಹಲ್ಲು ಬಂತು, ಅದೇ ಮುಂದಿನ ಹಲ್ಲು, ಇನ್ನೂ ಸ್ವಲ್ಪ ಮುಂದಕ್ಕೆ.

ಹಿರಿಯರ ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಏಳೆಂಟು ವರ್ಷದಲ್ಲಿ ಮೇಲಿನ ಎರಡು ದೊಡ್ಡ ಹಲ್ಲುಗಳ ನಡುವೆ ಸಂದಿ ಇರುವುದು ಸಹಜ. 11-12ರ ಹೊತ್ತಿಗೆ ಕೋರೆಹಲ್ಲು ಬಂದಾಗ ಅದು ಎಷ್ಟೋ ಮಕ್ಕಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಸಂದಿಗೆ ಹೇಳುವ ಮಾತನ್ನೇ ಉಬ್ಬು ಹಲ್ಲಿಗೂ, ಬೆರಳು ಚೀಪುವುದಕ್ಕೂ, ವಾರೆಯಾದ ದವಡೆಗೂ ಹೇಳಿದರೆ ಹೇಗೆ? ಯಾವುದು ತಾನಾಗಿ ಸರಿ ಹೋಗುತ್ತದೆ, ಯಾವುದು ಹೋಗುವುದಿಲ್ಲ ಅಂತ ಬೇರೆ ಮಾಡಿ ಹೇಳುವವರು ಬೇಕು. ಶಿಬಿರದಲ್ಲಿ ಅಂಥವರು ಎದುರಿಗೇ ಕೂತಿರುತ್ತಾರೆ. ಅವರು ಬರೆದದ್ದು ಮಾತ್ರ ನಮಗೆ ತಲುಪುವುದಿಲ್ಲ.

ಮಗಳು 11ನೇ ವರ್ಷದಲ್ಲಿ ಕಾಂಪೌಂಡಿನಲ್ಲಿ ಓಡುವಾಗ ಬಿದ್ದಳು. ಕೈ ಊರುವ ಮೊದಲು ಹಲ್ಲು ನೆಲಕ್ಕೆ ತಾಗಿತ್ತು. ಮೇಲಿನ ಒಂದು ಹಲ್ಲಿನ ಮೂಲೆ ಹಾರಿ ಹೋಯಿತು. ತುಟಿಯಲ್ಲಿ ಎರಡು ಹೊಲಿಗೆ. ಹಲ್ಲಿನ ಡಾಕ್ಟರು ಮೂಲೆಗೆ ಹಲ್ಲಿನದೇ ಬಣ್ಣದ ಫಿಲ್ಲಿಂಗ್ ಕಟ್ಟಿ, ಪುಟ್ಟ ಸ್ಕೇಲು ಹಿಡಿದು ಅಳೆದರು. ಮೇಲಿನ ಹಲ್ಲು ಕೆಳಗಿನದಕ್ಕಿಂತ 8 ಮಿಲಿಮೀಟರ್ ಮುಂದೆ ಇತ್ತು. "ಹೀಗೆ ಮುಂದೆ ಇರುವ ಹಲ್ಲಿಗೆ ಪೆಟ್ಟು ಬೀಳೋದು ಜಾಸ್ತಿ. ಮೊದಲು ಯಾರೂ ಹೇಳಿರಲಿಲ್ವಾ?" ಅಂತ ಕೇಳಿದರು. ಹೇಳಿದ್ದರು ಸ್ವಾಮಿ, ಎರಡು ಪದದಲ್ಲಿ. ಆ ರಾತ್ರಿ ಡ್ರಾವರ್ ತೆಗೆದು ಕಾರ್ಡು ಹುಡುಕಿದೆ. ಹೆಸರು ನನ್ನ ಮಗಳದೇ ಇತ್ತು.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ನಿಮ್ಮ ಪಾತ್ರ ಇಲ್ಲ. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ 48 ಸಾವಿರಕ್ಕೆ ಮಾತಾಯಿತು, ಕಂತಿನಲ್ಲಿ. ತಂತಿ ಹಿಡಿದಿಡಲು ಹಲ್ಲಿನ ಮೇಲೆ ಪುಟ್ಟ ಬ್ರಾಕೆಟ್ ಅಂಟಿಸಿದರು. ಯಾವತ್ತೂ ಇರುವ ಡಾಕ್ಟರು ಬೇರೆ, ತಿಂಗಳಿಗೆ ಎರಡು ದಿನ ಬಂದು ತಂತಿ ಬಿಗಿ ಮಾಡುವ ಡಾಕ್ಟರು ಬೇರೆ ಅಂತ ಆಮೇಲೆ ತಿಳಿಯಿತು. ಏಳು ತಿಂಗಳಾದ ಮೇಲೆ ಬರುವ ಡಾಕ್ಟರು ಬದಲಾದರು. ಇನ್ನು ಎರಡು ತಿಂಗಳಿಗೆ ಕ್ಲಿನಿಕ್ಕೇ ಇರಲಿಲ್ಲ, ಶಟರ್ ಮೇಲೆ ಬಾಡಿಗೆಗೆ ಇದೆ ಅಂತ ಬೋರ್ಡು. 30 ಸಾವಿರ ಕೊಟ್ಟಾಗಿತ್ತು. ಎಕ್ಸ್‌ರೇ, ಹಲ್ಲಿನ ಪ್ಲಾಸ್ಟರ್ ಅಚ್ಚು, ಫೋಟೋ ಯಾವುದೂ ನಮ್ಮ ಕೈಯಲ್ಲಿ ಇರಲಿಲ್ಲ. ಕೇಳಿ ಇಟ್ಟುಕೊಳ್ಳಬೇಕು ಅಂತಲೇ ಗೊತ್ತಿರಲಿಲ್ಲ. ಬಾಯಲ್ಲಿ ತಂತಿ ಇಟ್ಟುಕೊಂಡ ಹುಡುಗಿಯನ್ನು ಕರೆದುಕೊಂಡು ಹೊಸ ಡಾಕ್ಟರನ್ನು ಹುಡುಕಿದೆವು. ಅವರು ಮತ್ತೆ ಅಳತೆ ತೆಗೆದು ಮೊದಲಿಂದ ಶುರು ಮಾಡಿದರು.

ಹೊಸ ಡಾಕ್ಟರು ಒಳ್ಳೆಯವರು. ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನಮ್ಮ ಮಗಳ ತೊಂದರೆ ಹಲ್ಲಿನದು ಮಾತ್ರ ಅಲ್ಲ, ಕೆಳಗಿನ ದವಡೆ ಹಿಂದೆ ಉಳಿದಿದೆ ಅಂದರು. ದವಡೆ ಬೆಳೆಯುವ ವಯಸ್ಸಿನಲ್ಲಿ ಹಾಕಿಸಿ ತೆಗೆಯುವಂಥ ಪ್ಲೇಟುಗಳು ಇವೆ. ಕೆಳಗಿನ ದವಡೆಯನ್ನು ಮುಂದೆ ತಂದು ಕಚ್ಚುವ ಹಾಗೆ ಮಾಡುತ್ತವೆ. 1977ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ ಎಂಬ ಡಾಕ್ಟರು ರೂಪಿಸಿದ ಟ್ವಿನ್ ಬ್ಲಾಕ್ ಅಂಥದ್ದೇ ಒಂದು. ಈ ಬೆಳವಣಿಗೆಯ ಜಿಗಿತ ಹುಡುಗಿಯರಲ್ಲಿ ಹುಡುಗರಿಗಿಂತ ಬೇಗ ಬಂದು ಬೇಗ ಮುಗಿಯುತ್ತದೆ. ನಾವು ಅವರ ಹತ್ತಿರ ಹೋದಾಗ ಮುಗಿಯುತ್ತ ಬಂದಿತ್ತು. ಮೇಲಿನ ಎರಡು ಒಳ್ಳೆಯ ಹಲ್ಲು ಕೀಳಿಸಿ ಜಾಗ ಮಾಡಿದರು. 8ನೇ ವರ್ಷದಲ್ಲೇ ಬಂದಿದ್ದರೆ ಇದು ತಪ್ಪುತ್ತಿತ್ತೇ ಅಂತ ನಾನು ಕೇಳಿದೆ. "ಹಾಗೆ ಖಂಡಿತ ಅನ್ನಲಾರೆ, ಆದರೆ ಆ ಪೆಟ್ಟು ತಪ್ಪಿಸುವ ಪ್ರಯತ್ನ ಮಾಡಬಹುದಿತ್ತು" ಅಂದರು. ಸುಮ್ನೆ ನಮ್ಮನ್ನು ನೋಯಿಸುವ ಮಾತು ಆಡಲಿಲ್ಲ, ಸಮಾಧಾನದ ಸುಳ್ಳೂ ಹೇಳಲಿಲ್ಲ. ಅದಕ್ಕೇ ಅವರ ಮೇಲೆ ನಂಬಿಕೆ ಬಂತು.

ಈಗ ನಿಮ್ಮ ಶಿಬಿರಕ್ಕೆ ಬರುತ್ತೇನೆ.

ನಮ್ಮ ಶಿಬಿರಗಳು ಹುಳುಕು ಹಲ್ಲನ್ನು ಹುಡುಕುತ್ತವೆ. ಅದು ಬೇಕಾದದ್ದೇ. ಆದರೆ ಹುಳುಕು ನೋವು ಕೊಟ್ಟು ತಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತದೆ. ಸಾಲು ತಪ್ಪಿದ ಹಲ್ಲು ನೋಯುವುದಿಲ್ಲ. ಅದಕ್ಕೇ ಅದನ್ನು ಯಾರಾದರೂ ನೋಡಿ ಹೇಳಬೇಕು. ಅಮೆರಿಕದ ಆರ್ಥೊಡಾಂಟಿಸ್ಟ್‌ಗಳ ಸಂಘ ಮಗುವಿಗೆ 7 ವರ್ಷ ತುಂಬುವ ಹೊತ್ತಿಗೆ ಒಮ್ಮೆ ತೋರಿಸಿ ಅನ್ನುತ್ತದೆ. ಯಾಕೆಂದರೆ ಆ ವಯಸ್ಸಿಗೆ ಹಿಂದಿನ ಮೊದಲ ದೊಡ್ಡ ದವಡೆ ಹಲ್ಲು ಮತ್ತು ಮುಂದಿನ ಕೆಲವು ಹೊಸ ಹಲ್ಲು ಬಂದಿರುತ್ತವೆ. ಹಾಲು ಹಲ್ಲು, ಹೊಸ ಹಲ್ಲು ಎರಡೂ ಬಾಯಲ್ಲಿರುತ್ತವೆ. ಮುಂದೆ ಏನಾಗಬಹುದು ಅಂತ ತಿಳಿದವರಿಗೆ ಅಂದಾಜು ಸಿಗುತ್ತದೆ.

ಹಾಲು ಹಲ್ಲು ಹೇಗೂ ಬೀಳುವುದು, ಕೀಳಿಸಿದರೆ ಏನಾಯಿತು ಅನ್ನುವವರು ನಮ್ಮಲ್ಲಿ ತುಂಬಾ ಜನ. ನಾನೂ ಅಂದಿದ್ದೇನೆ. ಮುಂಬೈಯವರಿಗೆ ಇದನ್ನು ವಿವರಿಸುವುದು ಸುಲಭ. ಹಾಲು ಹಲ್ಲು ಅಂದರೆ ಲೋಕಲ್‌ನಲ್ಲಿ ಸೀಟು ಹಿಡಿಯಲು ಹಾಕಿದ ಕರ್ಚೀಫು. ಕರ್ಚೀಫು ಬೇಗ ತೆಗೆದರೆ ಪಕ್ಕದವರು ಸರಿದು ಕೂರುತ್ತಾರೆ. ಹಿಂದಿನ ಹಾಲು ಹಲ್ಲು ಹುಳುಕಾಗಿ ಬೇಗ ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಆಮೇಲೆ ಹುಟ್ಟುವ ಹಲ್ಲಿಗೆ ಜಾಗ ಇಲ್ಲ. ಮೇಲಿನ ಕೋರೆಹಲ್ಲು ಕೊನೆಗೆ ಹತ್ತುವ ಪ್ರಯಾಣಿಕ, ಎಷ್ಟೋ ಮಕ್ಕಳಲ್ಲಿ ಅದು ಫುಟ್‌ಬೋರ್ಡಿನಲ್ಲಿ ನೇತಾಡುವುದನ್ನು ನೀವು ನೋಡಿರುತ್ತೀರಿ. ಹಾಲು ಹಲ್ಲು ಬೇಗ ತೆಗೆಯಲೇಬೇಕಾದರೆ ಜಾಗ ಕಾಯಲು ಒಂದು ಪುಟ್ಟ ಕಂಬಿ ಹಾಕುತ್ತಾರೆ, ಸ್ಪೇಸ್ ಮೇಂಟೇನರ್ ಅಂತ. ಪೂರ್ತಿ ತಂತಿಯ ಚಿಕಿತ್ಸೆಗೆ ಹೋಲಿಸಿದರೆ ಅದರ ಖರ್ಚು ಏನೇನೂ ಅಲ್ಲ. ಶಿಬಿರದಲ್ಲಿ ಇದನ್ನು ಯಾರೂ ಹೇಳಿದ್ದು ನನಗೆ ನೆನಪಿಲ್ಲ.

ನಿಮ್ಮ ಡಾಕ್ಟರಿಗೆ ಇನ್ನೂ ಕೆಲವು ಪ್ರಶ್ನೆ ಕೇಳಲು ಒಂದೆರಡು ನಿಮಿಷ ಜಾಸ್ತಿ ಕೊಡಿ. ಮಗು ನಾಲ್ಕು ವರ್ಷ ದಾಟಿದ ಮೇಲೂ ಬೆರಳು ಚೀಪುತ್ತದೆಯೇ? ರಾತ್ರಿ ಬಾಯಿ ತೆರೆದು ಉಸಿರಾಡುತ್ತದೆಯೇ? ಹಾಗಿದ್ದರೆ ಮೂಗು ಗಂಟಲಿನ ಡಾಕ್ಟರನ್ನೂ ನೋಡಬೇಕಾಗಬಹುದು. ಕಚ್ಚಿದಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಒಳಗೆ ಕೂರುತ್ತದೆಯೇ, ಬಾಯಿ ಮುಚ್ಚುವಾಗ ದವಡೆ ಒಂದು ಕಡೆಗೆ ಜಾರುತ್ತದೆಯೇ? ಈ ಕೊನೆಯದು ಕಾಯುವಂಥದ್ದಲ್ಲ. ಕೆಳಗಿನ ದವಡೆ ಮುಂದೆ ಇರುವ ಮಕ್ಕಳದೂ ಹಾಗೇ, ಅವರಿಗೆ ಚಿಕ್ಕ ವಯಸ್ಸಿನ ಚಿಕಿತ್ಸೆಯೇ ಚೆನ್ನಾಗಿ ಹಿಡಿಯುತ್ತದೆ. ಹಲ್ಲನ್ನು ಯಾವ ವಯಸ್ಸಿನಲ್ಲೂ ಸರಿಸಬಹುದು, ಆದರೆ ದವಡೆ ಬೆಳೆದು ನಿಂತ ಮೇಲೆ ಅದನ್ನು ಸರಿಸಲು ಆಪರೇಷನ್ ಬೇಕು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ. ನಮ್ಮ ಹೋಟೆಲಿನ ಹುಡುಗರನ್ನು ನೋಡಿದಾಗ ಅದೇ ನೆನಪಾಗುತ್ತದೆ. ವಯಸ್ಸಿದ್ದಾಗ ದುಡ್ಡಿರಲಿಲ್ಲ. ದುಡ್ಡು ಬಂದಾಗ ವಯಸ್ಸು ಹೋಗಿತ್ತು.

ಆದರೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬೇಗ ನೋಡುವುದು ಬೇರೆ, ಬೇಗ ತಂತಿ ಹಾಕುವುದು ಬೇರೆ. ಏಳೆಂಟು ವರ್ಷದಲ್ಲಿ ನೋಡಿದ ಹೆಚ್ಚಿನ ಮಕ್ಕಳಿಗೆ ಡಾಕ್ಟರು ಹೇಳಬೇಕಾದದ್ದು "ಈಗ ಏನೂ ಬೇಡ, ವರ್ಷಕ್ಕೊಮ್ಮೆ ತೋರಿಸಿ" ಅಂತ ಮಾತ್ರ. ಉಬ್ಬು ಹಲ್ಲಿಗೆ ಎರಡು ಹಂತದಲ್ಲಿ ಬೇಗ ಚಿಕಿತ್ಸೆ ಮಾಡಿದ ಮಕ್ಕಳನ್ನೂ, ಹದಿಹರೆಯದಲ್ಲಿ ಒಂದೇ ಸಲ ಮಾಡಿದ ಮಕ್ಕಳನ್ನೂ ಹೋಲಿಸಿ ನೋಡಿದ್ದಾರೆ. ಬೇಗ ಮಾಡಿದ್ದರಿಂದ ಹಲ್ಲಿಗೆ ಪೆಟ್ಟು ಬೀಳುವುದು ಕಡಿಮೆಯಾಯಿತು. ಬೇರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಂದರೆ ಓಡಾಡುವ, ಬೀಳುವ, ಹಲ್ಲು ತುಂಬಾ ಮುಂದಿರುವ ಮಗುವಿಗೆ ಬೇಗ ಬೇಕಾಗಬಹುದು. ಎಲ್ಲರಿಗೂ ಅಲ್ಲ. ಶಿಬಿರಕ್ಕೆ ಪ್ರಾಯೋಜಕರಾಗಿ ಬಂದ ಕ್ಲಿನಿಕ್‌ನವರು ಪ್ರತಿ ಮಗುವಿಗೂ "ತಂತಿ ಹಾಕಿಸಿ, ಇವತ್ತೇ ಬುಕ್ ಮಾಡಿದರೆ ರಿಯಾಯಿತಿ" ಅನ್ನತೊಡಗಿದರೆ ಆ ಬ್ಯಾನರನ್ನು ನೀವೇ ಇಳಿಸಬೇಕು.

ಇನ್ನು ದುಡ್ಡಿನ ಮಾತು. ನಮ್ಮ ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಹಲ್ಲಿನ ತಂತಿಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಅದು ಅಂದಕ್ಕೆ ಮಾಡಿಸುವುದು ಅನ್ನುವ ಲೆಕ್ಕ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ನಮ್ಮ ಪಕ್ಕದ ಪಾಲ್ಘರ್‌ನಿಂದಲೇ ಶುರುವಾಯಿತು. ಅದರ 30 ತೊಂದರೆಗಳ ಪಟ್ಟಿಯಲ್ಲಿ ಸೀಳುತುಟಿ ಇದೆ, ಹಲ್ಲೂ ಇದೆ. ಆದರೆ ಅದು ಅಂಗನವಾಡಿ, ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ. ಮಹಾನಗರಪಾಲಿಕೆ ಈಗಲೂ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತದೆ, ನಿಜ. ನಮ್ಮವರ ಮಕ್ಕಳು ಎಷ್ಟು ಜನ ಅಲ್ಲಿದ್ದಾರೆ? ಹೆಚ್ಚಿನವರು ಗಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ. ಫೀಸು ಕಟ್ಟಿ ಸುಸ್ತಾದ ಅಪ್ಪ, ಸರ್ಕಾರದ ಬಲೆಗೂ ಸಿಗದ ಮಗು. ನಮ್ಮ ಸಂಘಗಳು ಹಿಡಿಯಬೇಕಾದದ್ದು ಈ ಮಕ್ಕಳನ್ನೇ.

ಎಲ್ಲರಿಗೂ ದುಡ್ಡು ಕೊಡಿ ಅಂತ ನಾನು ಕೇಳುತ್ತಿಲ್ಲ. ನಿಮ್ಮ ಹತ್ತಿರ ಅಷ್ಟಿಲ್ಲ ಅಂತ ಗೊತ್ತು. ಯಾರಿಗೆ ಕೊಡಬೇಕು ಅನ್ನುವುದಕ್ಕೆ ಒಂದು ಅಳತೆ ಇದೆ. 1989ರಲ್ಲಿ ಇಂಗ್ಲೆಂಡಿನಲ್ಲಿ ಮಾಡಿದ್ದು, ತಂತಿಯ ಅಗತ್ಯ ಎಷ್ಟು ಅಂತ 1ರಿಂದ 5ರವರೆಗೆ ಮೆಟ್ಟಿಲು ಹಾಕುವ ಸೂಚಿ. ಮೇಲಿನ ಹಲ್ಲು 6 ಮಿಲಿಮೀಟರ್‌ಗಿಂತ ಜಾಸ್ತಿ ಮುಂದಿದ್ದರೆ 4ನೇ ಮೆಟ್ಟಿಲು. 9 ದಾಟಿದರೆ 5. ಹಲ್ಲು ಮೂಳೆಯೊಳಗೆ ಸಿಕ್ಕಿಕೊಂಡು ಹೊರಗೆ ಬರಲಾಗದೆ ಇದ್ದರೆ, ಸೀಳುತುಟಿ ಇದ್ದರೆ, ಅದೂ 5. ಅಲ್ಲಿ 18ರ ಒಳಗಿನ ಮಕ್ಕಳಿಗೆ 4, 5 ಇದ್ದರೆ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಚಿಕಿತ್ಸೆ ಉಚಿತ. 3 ಇದ್ದು ನೋಟ ತುಂಬಾ ಕೆಟ್ಟಿದ್ದರೂ ಕೊಡುತ್ತಾರೆ. 1, 2 ಇದ್ದರೆ ಸ್ವಂತ ಖರ್ಚು. ನೀವು ವಿದ್ಯಾರ್ಥಿವೇತನ ಕೊಡುವಾಗ ಅಂಕಪಟ್ಟಿ ಕೇಳುತ್ತೀರಲ್ಲ, ಇಲ್ಲಿ ಈ ಮೆಟ್ಟಿಲು ಕೇಳಿ. ಜೊತೆಗೆ ಅಪ್ಪ ಅಮ್ಮನ ಆದಾಯ ಕೇಳಿ. ವರ್ಷಕ್ಕೆ ಐದು ಮಕ್ಕಳಿಗೆ ಅರ್ಧ ಖರ್ಚು ಕೊಟ್ಟರೂ ಸಾಕು. ಒಂದು ವಾರ್ಷಿಕೋತ್ಸವದಲ್ಲಿ ಎಷ್ಟು ಶಾಲು, ಎಷ್ಟು ಫಲಕ, ಎಷ್ಟು ಹಣ್ಣಿನ ಬುಟ್ಟಿ ವೇದಿಕೆ ಹತ್ತಿ ಇಳಿಯುತ್ತವೆ ಅಂತ ಹಿಂದಿನ ಸಾಲಿನಿಂದ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಹೇಳಿದೆ.

ದುಡ್ಡಿಗಿಂತ ದೊಡ್ಡ ಸಹಾಯ ಇನ್ನೊಂದಿದೆ. ಮುಂಬೈ ಸೆಂಟ್ರಲ್‌ನಲ್ಲಿ ಮಹಾನಗರಪಾಲಿಕೆಯ ನಾಯರ್ ದಂತ ಕಾಲೇಜು ಇದೆ, 1933ರದ್ದು. ಸಿಎಸ್‌ಎಂಟಿ ಸ್ಟೇಷನ್ ಪಕ್ಕದಲ್ಲೇ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ನವಿ ಮುಂಬೈಯಲ್ಲಿ ಖಾಸಗಿ ದಂತ ಕಾಲೇಜುಗಳಿವೆ. ಇಂಥ ಕಡೆ ಎಂಡಿಎಸ್, ಅಂದರೆ ಹಲ್ಲಿನ ಡಾಕ್ಟರಾದ ಮೇಲಿನ ಡಿಗ್ರಿ, ಓದುವ ಡಾಕ್ಟರುಗಳು ಪ್ರೊಫೆಸರ ಕಣ್ಣೆದುರಿಗೆ ತಂತಿ ಹಾಕುತ್ತಾರೆ. ಹೊರಗಿನ ಕ್ಲಿನಿಕ್‌ಗಿಂತ ಖರ್ಚು ತುಂಬಾ ಕಡಿಮೆ. ವಿದ್ಯಾರ್ಥಿಗಳು ಅಂತ ಹೆದರುವವರಿಗೆ ಒಂದು ಮಾತು: ಅವರು ಐದು ವರ್ಷದ ಬಿಡಿಎಸ್ ಮುಗಿಸಿ, ಮೇಲೆ ಮೂರು ವರ್ಷ ಹಲ್ಲಿನ ಸಾಲನ್ನಷ್ಟೇ ಕಲಿಯಲು ಬಂದವರು. ನಮ್ಮ ಮೊದಲ ಕ್ಲಿನಿಕ್‌ನಲ್ಲಿ ತಂತಿ ಹಾಕುವವರು ಏನು ಓದಿದ್ದಾರೆ ಅಂತ ನಾನು ಕೇಳಿರಲೇ ಇಲ್ಲ.

ಹಾಗಾದರೆ ಎಲ್ಲರೂ ಅಲ್ಲಿಗೇ ಯಾಕೆ ಹೋಗುವುದಿಲ್ಲ? ಓಪಿಡಿ ವಾರದ ದಿನ, ಬೆಳಿಗ್ಗೆ ಹೊತ್ತು. ಮಗು ಶಾಲೆ ಬಿಡಬೇಕು. ಅಪ್ಪ ಹೋಟೆಲ್ ಬಿಡಬೇಕು, ಅದೂ ತಿಂಡಿಯ ಹೊತ್ತಿನಲ್ಲಿ. ಒಂದು ಸಲ ಅಲ್ಲ, ನಾಲ್ಕಾರು ವಾರಕ್ಕೊಮ್ಮೆ, ಎರಡು ವರ್ಷ. ನಿಮ್ಮಲ್ಲಿ ನಿವೃತ್ತರಾದ ಸದಸ್ಯರು ಎಷ್ಟು ಜನ ಇದ್ದಾರೆ! ಬ್ಯಾಂಕಿನವರು, ರೈಲ್ವೆಯವರು, ಮೇಷ್ಟ್ರುಗಳು. ನಾಲ್ಕೈದು ಮಕ್ಕಳನ್ನು, ಜೊತೆಗೆ ಒಬ್ಬಿಬ್ಬರು ತಾಯಂದಿರನ್ನು, ತಿಂಗಳಿಗೊಮ್ಮೆ ಒಟ್ಟಿಗೆ ಕರೆದುಕೊಂಡು ಹೋಗಿ ಬರಲು ಒಬ್ಬರು ಸಿಕ್ಕರೆ ಸಾಕು. ಮೊದಲ ದಿನದ ಕೇಸ್ ಪೇಪರ್ ಮಾಡಿಸುವ ಸಾಲಿನಲ್ಲೇ ಅರ್ಧ ಜನ ಸೋತು ವಾಪಸ್ ಬರುತ್ತಾರೆ. ಆ ಸಾಲಿನಲ್ಲಿ ಜೊತೆಗೆ ನಿಲ್ಲುವುದೂ ಸಮಾಜಸೇವೆಯೇ, ಅದಕ್ಕೆ ಫೋಟೋ ಮಾತ್ರ ಬರುವುದಿಲ್ಲ.

ಯಾಕೆ ಎರಡು ವರ್ಷ ಅಂತ ಕೆಲವರು ಕೇಳುತ್ತಾರೆ. ಆರು ತಿಂಗಳಲ್ಲಿ ಮಾಡಿಕೊಡುತ್ತೇವೆ ಅನ್ನುವವರೂ ಇದ್ದಾರಂತೆ. ಹಲ್ಲು ಮೂಳೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿಲ್ಲ. ಬೇರಿನ ಸುತ್ತ ತೆಳ್ಳನೆಯ ನಾರಿನ ಪದರ ಇದೆ. ತಂತಿ ಮೆಲ್ಲಗೆ ಒತ್ತಿದಾಗ ಒತ್ತುವ ಕಡೆ ಮೂಳೆ ಕರಗುತ್ತದೆ, ಹಿಂದೆ ಬಿಟ್ಟ ಕಡೆ ಹೊಸ ಮೂಳೆ ಕಟ್ಟುತ್ತದೆ. ತಿಂಗಳಿಗೆ ಹೆಚ್ಚು ಕಡಿಮೆ 1 ಮಿಲಿಮೀಟರ್ ದಾರಿ. ಜೋರಾಗಿ ಎಳೆದರೆ ಬೇಗ ಆಗುವುದಿಲ್ಲ, ಬೇರಿಗೆ ತೊಂದರೆ ಆಗುತ್ತದೆ ಅಷ್ಟೇ. ಶುರುವಿನಲ್ಲಿ ಹಾಕುವ ತಂತಿ ನನಗೆ ತುಂಬಾ ಇಷ್ಟವಾಯಿತು. ನಿಕಲ್ ಮತ್ತು ಟೈಟಾನಿಯಂ ಬೆರೆಸಿದ್ದು. ಹೇಗೆ ಬಗ್ಗಿಸಿ ಕಟ್ಟಿದರೂ ತನ್ನ ಮೊದಲ ಆಕಾರ ಮರೆಯುವುದಿಲ್ಲ, ಅದಕ್ಕೆ ವಾಪಸ್ ಹೋಗಲು ನೋಡುತ್ತ ಹಲ್ಲನ್ನೂ ಜೊತೆಗೆ ಎಳೆಯುತ್ತದೆ. ಮುಂಬೈಗೆ ಬಂದು ನಲವತ್ತು ವರ್ಷ ಆದರೂ ಊರಿನ ಕಡೆಗೇ ಎಳೆಯುವ ನಮ್ಮ ಅಮ್ಮನ ಹಾಗೆ.

ಮಗಳಿಗೆ ಶಾಲೆಯಲ್ಲಿ ರೈಲು ಹಳಿ ಅಂತ ಹೆಸರಿಟ್ಟರು. ಮೊದಲು ಅತ್ತಳು. ಆಮೇಲೆ ಅವಳೇ ಶುರು ಮಾಡಿದಳು: ಮೇಲಿನ ಸಾಲು ಸೆಂಟ್ರಲ್ ಲೈನ್, ಕೆಳಗಿನದು ಹಾರ್ಬರ್ ಲೈನ್. ತಂತಿ ಬಿಗಿ ಮಾಡಿಸಲು ಹೋಗುತ್ತಿದ್ದದ್ದು ಭಾನುವಾರ. ಆ ದಿನ ಮೆಗಾಬ್ಲಾಕ್, ರಿಪೇರಿಗೆ ಲೋಕಲ್ ಲೈನ್ ಬಂದ್ ಮಾಡುವ ಹಾಗೆ. ಬರೀ ಗಂಜಿ, ಇಲ್ಲವೇ ನೀರ್‌ದೋಸೆ. ಕೆನ್ನೆಗೆ ತಂತಿ ಚುಚ್ಚಿದರೆ ಹಚ್ಚಲು ಮೇಣ ಕೊಡುತ್ತಾರೆ, ಮೂರು ನಾಲ್ಕು ದಿನದಲ್ಲಿ ನೋವು ಇಳಿಯುತ್ತದೆ.

ಊಟದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕ್ಲಿನಿಕ್‌ನಲ್ಲಿ ನಮಗೆ ಕೊಟ್ಟ ಇಂಗ್ಲಿಷ್ ಕರಪತ್ರದಲ್ಲಿ ಪಾಪ್‌ಕಾರ್ನ್ ತಿನ್ನಬೇಡಿ, ಬೇಗಲ್ ತಿನ್ನಬೇಡಿ ಅಂತ ಇತ್ತು. ಹೋಟೆಲಿನವನಾದ ನಾನೇ ಬೇಗಲ್ ಕಂಡಿಲ್ಲ. ಮಗಳು ಅಷ್ಟಮಿಗೆ ಚಕ್ಕುಲಿ ಕಚ್ಚಿ ಒಂದು ಬ್ರಾಕೆಟ್ ಕಿತ್ತುಕೊಂಡಳು. ಆ ಹಾಳೆಯಲ್ಲಿ ಚಕ್ಕುಲಿ ಇರಲಿಲ್ಲವಲ್ಲ! ದಯವಿಟ್ಟು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ. ಚಕ್ಕುಲಿ, ಕೋಡುಬಳೆ, ಕಬ್ಬು, ಲೋಣಾವಳಾದ ಚಿಕ್ಕಿ, ಮಳೆಗಾಲದ ಭುಟ್ಟಾ ಬೇಡ. ಕೋರಿ ರೊಟ್ಟಿ ಸಾರಿನಲ್ಲಿ ಚೆನ್ನಾಗಿ ನೆನೆದರೆ ಆಗಬಹುದು. ಪೇರಳೆ ಹಣ್ಣು ಕಚ್ಚಬಾರದು, ಸಣ್ಣಗೆ ಹೆಚ್ಚಿ ತಿನ್ನಬಹುದು. ಪ್ರತಿ ಸಲ ತಿಂದ ಮೇಲೆ ಬ್ರಾಕೆಟ್ ಸುತ್ತ ಉಜ್ಜಬೇಕು, ಸಂದಿಗೆ ಹೋಗುವ ಪುಟ್ಟ ಬ್ರಶ್ ಬೇರೆ ಸಿಗುತ್ತದೆ. ಉಜ್ಜದಿದ್ದರೆ ತಂತಿ ತೆಗೆದ ದಿನ ಹಲ್ಲು ಸಾಲಾಗಿರುತ್ತದೆ, ಆದರೆ ಪ್ರತಿ ಹಲ್ಲಿನ ಮೇಲೂ ಸುಣ್ಣದಂಥ ಬಿಳಿ ಕಲೆ. ನಮ್ಮ ಕಟ್ಟಡದ ಒಬ್ಬ ಹುಡುಗನಿಗೆ ಹಾಗೇ ಆಯಿತು.

ಅದೇ ಹಾಳೆಯಲ್ಲಿ ರಿಟೇನರ್ ವಿಷಯವನ್ನೂ ದಪ್ಪ ಅಕ್ಷರದಲ್ಲಿ ಹಾಕಿ. ತಂತಿ ತೆಗೆದ ಮೇಲೆ ಹಲ್ಲು ಹಳೇ ಜಾಗಕ್ಕೆ ಹೋಗಲು ನೋಡುತ್ತದೆ. ಅದನ್ನು ತಡೆಯಲು ಕೊಡುವ ಪ್ಲೇಟೇ ರಿಟೇನರ್. ಊಟ ಮಾಡುವಾಗ ತೆಗೆದಿಡಬೇಕು. ಮಕ್ಕಳು ಅದನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ ತಟ್ಟೆಯ ಪಕ್ಕ ಇಡುತ್ತಾರೆ, ಕ್ಲೀನರ್ ಹುಡುಗ ತಟ್ಟೆ ಜೊತೆ ಎತ್ತಿಕೊಂಡು ಹೋಗುತ್ತಾನೆ. ಒಂದು ರಾತ್ರಿ ಹನ್ನೊಂದಕ್ಕೆ ಒಬ್ಬ ತಾಯಿ ಓಡುತ್ತ ನಮ್ಮ ಹೋಟೆಲಿಗೆ ವಾಪಸ್ ಬಂದರು. ನಾವು ನಾಲ್ಕು ಜನ ಕಸದ ಡಬ್ಬಿ ಸುರಿದು, ಸಾಂಬಾರಿನಲ್ಲಿ ಅದ್ದಿದ ಟಿಶ್ಯೂಗಳನ್ನು ಒಂದೊಂದಾಗಿ ಬಿಡಿಸಿ ಹುಡುಕಿಕೊಟ್ಟೆವು. ರಿಟೇನರ್ ಡಬ್ಬಿ ಇಲ್ಲದೆ ಮನೆ ಬಿಡಬೇಡಿ ಅಂತ ಗಲ್ಲಾದ ಮೇಲೇ ಬೋರ್ಡು ಹಾಕಬೇಕು ಅನ್ನಿಸಿತ್ತು.

ಮೊಬೈಲಿನಲ್ಲಿ ಕಾಣುವ ಅಲೈನರ್ ಜಾಹೀರಾತಿನ ಬಗ್ಗೆಯೂ ಒಂದು ಸಾಲು ಇರಲಿ. ಅಲೈನರ್ ಅಂದರೆ ತಂತಿಯ ಬದಲು ಹಲ್ಲಿನ ಮೇಲೆ ತೊಡುವ ಪಾರದರ್ಶಕ ಅಚ್ಚು. ಅದು ಕೆಟ್ಟದ್ದಲ್ಲ, ಸರಿಯಾದ ಡಾಕ್ಟರು ಹಾಕಿದರೆ ಕೆಲಸ ಮಾಡುತ್ತದೆ. ಆದರೆ ಎಕ್ಸ್‌ರೇ ತೆಗೆಯದೆ, ಬಾಯಿ ನೋಡದೆ, ಅಂಚೆಯಲ್ಲಿ ಕಳಿಸುವ ವ್ಯಾಪಾರ ಬೆಳೆಯುವ ಮಕ್ಕಳಿಗೆ ಬೇಡ. ಅಮೆರಿಕದಲ್ಲಿ ಅಂಥದ್ದೊಂದು ದೊಡ್ಡ ಕಂಪನಿ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಅರ್ಧ ಚಿಕಿತ್ಸೆಯಲ್ಲಿದ್ದವರು ಅರ್ಧದಲ್ಲೇ ಉಳಿದರು. ಶಟರ್ ಮುಚ್ಚಿದ ಕ್ಲಿನಿಕ್ ಎದುರು ನಿಂತವನಿಗೆ ಅವರ ಪಾಡು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯದಾಗಿ, ಇದು ಸ್ವಲ್ಪ ಕಹಿ. ತಂತಿ ಹಾಕಿಸಿದಾಗ ನಮ್ಮವರೇ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಒಂದು, "ಎಷ್ಟಾಯಿತು?" ಇನ್ನೊಂದು, "ಹುಡುಗಿ ಅಲ್ವಾ, ಮದುವೆ ಹೊತ್ತಿಗೆ ಸರಿ ಹೋಗಲಿ ಅಂತ ಹಾಕಿಸಿದ್ರಾ?" ನನ್ನ ಅಕ್ಕನ ಮಗನಿಗೆ ಕೆಳಗಿನ ದವಡೆ ಮುಂದೆ. ಮುಂದಿನ ಹಲ್ಲಿನಿಂದ ವಡಾಪಾವ್ ಕಚ್ಚಿ ತುಂಡು ಮಾಡಲು ಅವನಿಗೆ ಆಗುವುದಿಲ್ಲ, ಕೈಯಲ್ಲಿ ಮುರಿದು ತಿನ್ನುತ್ತಾನೆ. ಈಗ 19 ವರ್ಷ. ಚಿಕ್ಕವನಿದ್ದಾಗ ಅಕ್ಕ ಕೇಳಿದ್ದಕ್ಕೆ ಭಾವ ಹೇಳಿದ್ದು, "ಗಂಡು ಹುಡುಗನಿಗೆ ಎಂಥದು ಅಂದಚಂದ?" ಈಗ ಆಪರೇಷನ್ ಅಂತ ಹೇಳಿದ್ದಾರೆ. ಹಾಗಾಗಿ ನಿಮ್ಮ ಬ್ಯಾನರಿನಲ್ಲಿ 'ಸುಂದರ ನಗುವಿಗಾಗಿ' ಅಂತ ಬರೆಸಬೇಡಿ. ಕಚ್ಚಲು, ಅಗಿಯಲು, ಬಿದ್ದಾಗ ಹಲ್ಲು ಉಳಿಯಲು ಅಂತ ಬರೆಸಿ. ಗಂಡು ಮಕ್ಕಳ ಅಪ್ಪಂದಿರೂ ಸಾಲಿನಲ್ಲಿ ನಿಲ್ಲುತ್ತಾರೆ.

ಮುಂದಿನ ಶಿಬಿರ ಯಾವಾಗ ಅಂತ ತಿಳಿಸಿ. ಹೋಟೆಲಿನವನಿಗೆ ಭಾನುವಾರವೇ ಜೋರು, ಆದರೂ ಗಲ್ಲಾದಲ್ಲಿ ಬದಲಿ ಕೂರಿಸಿ ಬೆಳಿಗ್ಗೆ 10ರಿಂದ 1ರವರೆಗೆ ಬರುತ್ತೇನೆ. ಕನ್ನಡ ಹಾಳೆಯ ಮೊದಲ ಸಾವಿರ ಪ್ರತಿಯ ಖರ್ಚು ನನ್ನದು. ಡಾಕ್ಟರ ಮೇಜಿನ ಪಕ್ಕ ನನಗೆ ಒಂದು ಕುರ್ಚಿ ಹಾಕಿ. ಅವರು ಕಾರ್ಡಿನಲ್ಲಿ ಬರೆದದ್ದನ್ನು ಅವರನ್ನೇ ಕೇಳಿಕೊಂಡು, ಕನ್ನಡದಲ್ಲೋ ತುಳುವಿನಲ್ಲೋ ಮಗುವಿನ ಅಪ್ಪ ಅಮ್ಮನಿಗೆ ಓದಿ ಹೇಳುತ್ತೇನೆ.

ಇಂತಿ ನಿಮ್ಮವನು,
ಭಾಂಡುಪ್‌ನ ಒಬ್ಬ ಅಪ್ಪ